ಲೋರ್ನಾಳ ಫ್ಲ್ಯಾಟಿಗೆ ಎರಡು ಸಹಿ

ನಮ್ಮ ಕಟ್ಟಡದ ಮೂರನೇ ಮಹಡಿಯ ಫ್ಲ್ಯಾಟು ಮಾರಾಟಕ್ಕೆ ಬಂದು ಬೇಸಿಗೆಯೆಲ್ಲ ಕಳೆಯಿತು. ಇಂಗ್ಲೆಂಡಿನ ಕಡಲತಡಿಯ ವರ್ದಿಂಗ್‌ನಂಥ ಊರಿನಲ್ಲಿ, ಕಿಟಕಿಯಿಂದ ಸಮುದ್ರದ ಒಂದು ತುಣುಕು ಕಾಣುವ ಮನೆ ಹಾಗೆ ಉಳಿಯುವುದಿಲ್ಲ. ನೋಡಲು ಬಂದವರೆಲ್ಲ ಮೆಚ್ಚಿದರು. ಒಬ್ಬಳು ಹುಡುಗಿಯಂತೂ ಸೋಫಾ ಎಲ್ಲಿ ಇಡಬೇಕೆಂದು ಅಳತೆ ತೆಗೆದುಕೊಂಡು ಹೋದಳು. ಎರಡು ವಾರದ ಮೇಲೆ ಅವಳೂ ಬೇಡವೆಂದಳು. ಏಜೆಂಟರು ನೆಟ್ಟಿದ್ದ ಮಾರಾಟದ ಹಲಗೆ ಗಾಳಿಗೆ ಸೊಟ್ಟಗಾಗಿ ಗೇಟಿನ ಪಕ್ಕ ನಿಂತೇ ಇತ್ತು.

ಸೆಪ್ಟೆಂಬರಿನ ಒಂದು ಬಿಸಿಲಿನ ದಿನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಾ ಲೋರ್ನಾ ಕೇಳಿದಳು, "ಆ ಮನೆಗೆ ಏನಾಗಿದೆ ನೆಸ್ಟಾ? ಗೋಡೆ ತೇವ ಹಿಡಿದಿದೆಯಾ?"

ನೆಸ್ಟಾ ನೆಲಮಹಡಿಯವಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. "ಗೋಡೆ ಚೆನ್ನಾಗೇ ಇದೆ. ವರ್ಷ ಕಮ್ಮಿಯಾಗಿದೆ ಅಷ್ಟೆ."

"ಯಾರಿಗೆ? ಆ ಮನೆ ಮಾರ್ತಿರೋನು ನನಗಿಂತ ಚಿಕ್ಕೋನು."

"ಅವನಿಗಲ್ಲ ಕಣೇ, ಮನೆಗೆ! ಲೀಸಿಗೆ. ಅಂದ ಹಾಗೆ, ನಿನ್ನದೂ ಅಷ್ಟೇ ಇರೋದು. ಗೊತ್ತಾ?"

ಲೋರ್ನಾ ನಕ್ಕುಬಿಟ್ಟಳು. "ನನ್ನದು ಲೀಸೂ ಅಲ್ಲ, ಬಾಡಿಗೆನೂ ಅಲ್ಲ. ಅಮ್ಮ ದುಡ್ಡು ಕೊಟ್ಟು ಕೊಂಡಿರೋ ಸ್ವಂತ ಮನೆ. ಬ್ಯಾಂಕಿನ ಸಾಲನೂ ತೀರಿಸಿ ಹೋಗಿದಾಳೆ."

"ಸ್ವಂತದ್ದೇ. ನಾನೂ ಹಾಗೇ ಅಂದ್ಕೊಂಡಿದ್ದೆ. ಆದರೆ ನಾವು ಕೊಂಡಿರೋದು ಗೋಡೆಯ ಒಳಗಿನ ಜಾಗ, ಅದೂ ಇಷ್ಟು ವರ್ಷಕ್ಕೆ ಅಂತ. ನೆಲ, ಚಾವಣಿ, ಈ ಮೆಟ್ಟಿಲು ಎಲ್ಲ ಬೇರೆಯವರದ್ದು. ವರ್ಷಾವರ್ಷ ನೆಲಬಾಡಿಗೆ ಕಟ್ತೀವಲ್ಲ, ಅವರದ್ದು. ಅವಧಿ ಮುಗಿದ ದಿನ ಮನೆ ಅವರಿಗೆ ವಾಪಸ್."

"ಮುಗಿಯೋ ಹೊತ್ತಿಗೆ ನಾನು ಸತ್ತು ಎಷ್ಟು ಕಾಲ ಆಗಿರುತ್ತೋ! ಆಗ ತಗೊಂಡು ಹೋಗಲಿ ಬಿಡು."

"ನೀನು ಸತ್ತ ಮೇಲಿನ ಮಾತಲ್ಲ ಮಾರಾಯ್ತಿ, ಬದುಕಿದ್ದಾಗಿನ ಮಾತು. ನಾಳೆ ಮಾರಬೇಕು ಅಂತ ಬಂತು ಅನ್ನು. ಕೊಳ್ಳೋರಿಗೆ ಬ್ಯಾಂಕ್ ಸಾಲ ಕೊಡಬೇಕಲ್ಲ? ವರ್ಷ ಇಳೀತಾ ಹೋದ ಹಾಗೆ ಬ್ಯಾಂಕಿನವರು ಮುಖ ಸಿಂಡರಿಸ್ತಾರೆ, ಕೊಳ್ಳೋರು ಬೆಲೆ ಇಳಿಸ್ತಾರೆ. ಮೇಲಿನವನಿಗೆ ಆಗಿರೋದೂ ಅದೇ. ಲೀಸ್ ವಿಸ್ತರಿಸಿ ಕೊಟ್ಟರೆ ತಗೋತೀನಿ ಅಂದಳಂತೆ ಆ ಹುಡುಗಿ. ಇವನು ಆಗಲ್ಲ ಅಂದ. ಅವಳು ಹೋದಳು."

ಲೋರ್ನಾ ಕೊನೆಯ ದಿಂಬಿನ ಚೀಲಕ್ಕೆ ಕ್ಲಿಪ್ಪು ಸಿಕ್ಕಿಸಿದಳು. ಮುಖದ ನಗು ಇನ್ನೂ ಪೂರ್ತಿ ಮಾಯವಾಗಿರಲಿಲ್ಲ.

"ಕಟ್ಟಡ ಕಟ್ಟಿದಾಗ ನಮಗೆಲ್ಲ ನೂರ ಇಪ್ಪತ್ತೈದು ವರ್ಷಕ್ಕೆ ಬರೆದುಕೊಟ್ಟಿದ್ದು," ಎಂದಳು ನೆಸ್ಟಾ. "ಬರೋ ಮಾರ್ಚಿಗೆ ಎಂಬತ್ತಕ್ಕಿಂತ ಕೆಳಗೆ ಇಳಿಯುತ್ತೆ. ಎಂಬತ್ತು ಅನ್ನೋದು ಒಂದು ಗಡಿ. ಮೇಲಿದ್ದಾಗ ವಿಸ್ತರಣೆ ಕೇಳಿದ್ರೆ ಒಂದು ಬೆಲೆ. ಒಂದೇ ದಿನ ಕೆಳಗಿಳಿದರೂ ಬೇರೆ ಲೆಕ್ಕ. ವಿಸ್ತರಣೆಯಿಂದ ಮನೆ ಬೆಲೆ ಏರುತ್ತಲ್ಲ, ಆ ಏರಿಕೆಯಲ್ಲೂ ಅರ್ಧ ಪಾಲನ್ನು ಜಾಗದ ಒಡೆಯರಿಗೆ ಕೊಡಬೇಕು. ನಾನು ಹೋದ ವರ್ಷವೇ ಮಾಡಿಸಿಕೊಂಡೆ. ನಮ್ಮ ಹುಡುಗ ಬೈದು ಬೈದು ಮಾಡಿಸಿದ. ಇಲ್ಲದಿದ್ರೆ ನಾನೂ ನಿನ್ನ ಹಾಗೇ ನಗ್ತಾ ಇರ್ತಿದ್ದೆ."

ಲೋರ್ನಾ ಮೊದಲನೇ ಮಹಡಿಯಲ್ಲಿ ಒಬ್ಬಳೇ ಇರುತ್ತಾಳೆ. ಊರ ಹೊರಗಿನ ಸಸ್ಯಕ್ಷೇತ್ರದಲ್ಲಿ ಕೆಲಸ. ಸಸಿಗಳನ್ನು ಒಂದು ಕುಂಡದಿಂದ ಇನ್ನೊಂದಕ್ಕೆ ಬದಲಿಸುವುದರಲ್ಲಿ ಅವಳ ಕೈಗೆ ಸಾಟಿಯಿಲ್ಲ. ತಾಯಿ ಹಾಸಿಗೆ ಹಿಡಿದಾಗ ನೋಡಿಕೊಳ್ಳಲೆಂದು ಈ ಮನೆಗೆ ಬಂದವಳು, ತಾಯಿ ಹೋದ ಮೇಲೂ ಇಲ್ಲೇ ಉಳಿದಳು. ತಾಯಿ ಮನೆಯನ್ನು ಇಬ್ಬರು ಹೆಣ್ಣುಮಕ್ಕಳ ಹೆಸರಿಗೂ ಸಮನಾಗಿ ಬರೆದಿದ್ದಳು. ಒಬ್ಬಳು ಲೋರ್ನಾ. ಇನ್ನೊಬ್ಬಳು ಅಕ್ಕ ಹಿಲರಿ. ಹಿಲರಿ ಇರುವುದು ರೈ ಊರಿನಲ್ಲಿ. ರೈಲಿನಲ್ಲಿ ಹೋದರೆ ಒಂದು ಬೆಳಗಿನ ದಾರಿ. ಆದರೆ ಅಕ್ಕತಂಗಿಯರು ಮಾತಾಡಿ ನಾಲ್ಕು ವರ್ಷವಾಗಿತ್ತು.

ಅಕ್ಕನ ವಿಷಯವನ್ನು ಲೋರ್ನಾ ನೆಸ್ಟಾಳ ಹತ್ತಿರ ಎತ್ತಲಿಲ್ಲ. ಮನೆಯೊಳಗೆ ಹೋಗಿ ಕಪಾಟಿನ ತಳದಿಂದ ಲೀಸಿನ ಪ್ರತಿ ತೆಗೆದು ನೋಡಿದಳು. ನೆಸ್ಟಾ ಹೇಳಿದ್ದು ನಿಜವಾಗಿತ್ತು. ಆ ದಿನ ಚಹಾ ಮಾಡಿಕೊಂಡು ಕುಡಿಯದೆ ಮರೆತಳಂತೆ.

ಮರುದಿನ ಜಾಗದ ಒಡೆಯರ ಕಚೇರಿಗೆ ಫೋನ್ ಮಾಡಿದಳು. ಬಹಳ ಮೃದುವಾಗಿ ಮಾತಾಡುವ ಒಬ್ಬ ತರುಣ ಸಿಕ್ಕಿದ. "ಖಂಡಿತ ಮಾಡಿಕೊಡ್ತೀವಿ ಮೇಡಂ. ವಕೀಲರು ಗಿಕೀಲರು ಅಂತ ನೀವು ಯಾಕೆ ಸುಮ್ಮನೆ ಖರ್ಚು ಮಾಡ್ತೀರಿ? ನಾವು ನಾವೇ ಮಾತಾಡಿ ಮುಗಿಸೋಣ. ಮುಂದಿನ ವಾರ ನಮ್ಮ ಬೆಲೆ ತಿಳಿಸ್ತೀನಿ."

ಮುಂದಿನ ವಾರ ಬಂತು. ಬೆಲೆ ಬರಲಿಲ್ಲ. ಕೇಳಿದರೆ, ಲೆಕ್ಕ ಹಾಕುವವರು ರಜೆಯಲ್ಲಿದ್ದಾರೆ ಎಂದ. ಇನ್ನೊಮ್ಮೆ ಕೇಳಿದರೆ, ಕಡತ ಮೇಲಿನವರ ಹತ್ತಿರ ಇದೆ ಎಂದ. ಪ್ರತಿ ಸಲವೂ ಕ್ಷಮೆ ಕೇಳುತ್ತಿದ್ದ. ಲೋರ್ನಾಗೆ ಅವನ ಮೇಲೆ ಸಿಟ್ಟು ಮಾಡಲೂ ಮನಸ್ಸು ಬರಲಿಲ್ಲ.

"ಎಷ್ಟು ಒಳ್ಳೇ ಹುಡುಗ ಗೊತ್ತಾ?" ಎಂದಳು ನೆಸ್ಟಾಳ ಹತ್ತಿರ.

"ಒಳ್ಳೆಯವನೇ ಇರಬಹುದು. ಅವನು ಒಳ್ಳೆಯವನಾಗಿರೋವಾಗಲೇ ನವೆಂಬರ್ ಬಂತಲ್ಲ? ಫೋನಿನಲ್ಲಿ ಆಡಿದ ಮಾತಿಗೆ ಕಾನೂನಿನಲ್ಲಿ ಬೆಲೆ ಇಲ್ಲ ಲೋರ್ನಾ. ನೀನು ಮಾತಾಡ್ತಾ ಇರೋವಾಗಲೂ ವರ್ಷ ಇಳೀತಾನೇ ಇರುತ್ತೆ. ವಿಸ್ತರಣೆ ಬೇಕು ಅಂತ ಕಾಯ್ದೆ ಪ್ರಕಾರ ಅವರಿಗೆ ನೋಟೀಸು ಕೊಟ್ಟೆ ಅಂದ್ರೆ, ಆ ದಿನ ಎಷ್ಟು ಉಳಿದಿತ್ತೋ ಅದೇ ಲೆಕ್ಕ. ಆಮೇಲೆ ಅವರು ಎಷ್ಟು ದಿನ ಎಳೆದರೂ ಗಡಿ ದಾಟಿದೆ ಅಂತ ಹೇಳೋ ಹಾಗಿಲ್ಲ."

ನವೆಂಬರ್ ಕೊನೆಗೆ ಬೆಲೆಯೂ ಬಂತು. ನೋಡಿದರೆ ಕಡಿಮೆಯೇ ಅನಿಸಿತು. ಲೋರ್ನಾ ಖುಷಿಯಿಂದ ಕೆಳಗೆ ಓಡಿದಳು. ನೆಸ್ಟಾ ಕನ್ನಡಕ ಹಾಕಿಕೊಂಡು ಓದಿದಳು.

"ತೊಂಬತ್ತೊಂಬತ್ತು ವರ್ಷ ಮಾಡಿಕೊಡ್ತಾರಂತೆ. ಅಂದ್ರೆ ಇರೋ ಎಂಬತ್ತಕ್ಕೆ ಇನ್ನು ಹತ್ತೊಂಬತ್ತು. ಈ ಎಂಬತ್ತು ವರ್ಷ ನೆಲಬಾಡಿಗೆ ಮೊದಲಿನ ಹಾಗೇ ನಡೀಬೇಕು. ನಿನ್ನ ಲೀಸಿನಲ್ಲಿ ಅದು ಕಾಲಕಾಲಕ್ಕೆ ಏರುತ್ತೆ, ನೋಡ್ಕೊಂಡಿದೀಯಾ? ಕಾಯ್ದೆ ದಾರಿಯಲ್ಲಿ ಹೋದ ನನಗೆ ಏನು ಸಿಕ್ಕಿತು ಹೇಳಲಾ? ಉಳಿದಿದ್ದ ವರ್ಷದ ಮೇಲೆ ಇನ್ನೂ ತೊಂಬತ್ತು. ನೆಲಬಾಡಿಗೆ ಅವತ್ತಿಂದಲೇ ಇಲ್ಲ."

ಲೋರ್ನಾ ಕುರ್ಚಿಯಲ್ಲಿ ಕೂತಳು. "ಸಹಿ ಹಾಕಿಬಿಡ್ತಿದ್ದೆ ಕಣೇ."

"ಹಾಕಲಿಲ್ಲವಲ್ಲ. ಏಳು. ನನ್ನ ವಕೀಲರ ಹತ್ತಿರ ಹೋಗು. ಮನೆ ಮಾರೋ ಕೊಳ್ಳೋ ವಕೀಲರೆಲ್ಲ ಈ ಕೆಲಸ ಮಾಡಲ್ಲ, ಇದರಲ್ಲೇ ಪಳಗಿದವರು ಬೇಕು."

ವಕೀಲರ ಹೆಸರು ಮಿಸೆಸ್ ಫಿನ್ನೆಲ್. ಲೀಸು ಓದಿ, ನೋಂದಣಿಯ ದಾಖಲೆ ತರಿಸಿ ನೋಡಿ ಅವರು ಒಂದೇ ಪ್ರಶ್ನೆ ಕೇಳಿದರು. "ಹಿಲರಿ ಅನ್ನೋರು ಯಾರು?"

"ನಮ್ಮಕ್ಕ."

"ಮನೆ ಇಬ್ಬರ ಹೆಸರಲ್ಲೂ ಇದೆ. ನೋಟೀಸು ಇಬ್ಬರೂ ಸೇರಿ ಕೊಡಬೇಕು. ನೀವೊಬ್ಬರೇ ಕೊಟ್ಟರೆ ಅದು ನಿಲ್ಲೋದಿಲ್ಲ. ಅವರಿಗೆ ವಿಷಯ ಗೊತ್ತಿದೆ ತಾನೆ?"

ಲೋರ್ನಾ ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ಹೇಳ್ತೀನಿ," ಎಂದಳು.

ಜಗಳ ದೊಡ್ಡದೇನಲ್ಲ. ತಾಯಿ ತೀರಿಕೊಂಡ ಕೆಲವು ವಾರಕ್ಕೆ ಲೋರ್ನಾ ತಾಯಿಯ ಸಾಮಾನು ತೆರವು ಮಾಡುತ್ತಾ ಅವಳ ಹೊಲಿಗೆ ಯಂತ್ರವನ್ನು, ದಾನವಾಗಿ ಬಂದ ಹಳೇ ಸಾಮಾನು ಮಾರುವ ಧರ್ಮದ ಅಂಗಡಿಗೆ ಕೊಟ್ಟುಬಿಟ್ಟಿದ್ದಳು. ಅಕ್ಕನನ್ನು ಕೇಳಲಿಲ್ಲ. ಹಿಲರಿ ಕೇಳಿ ಬರುವಷ್ಟರಲ್ಲಿ ಅದನ್ನು ಯಾರೋ ಕೊಂಡುಹೋಗಿದ್ದರು. ಹಿಲರಿ ಪರದೆ ಹೊಲಿಯುವವಳು. ಕಸುಬು ಕಲಿತದ್ದೇ ಆ ಯಂತ್ರದ ಮೇಲೆ. ಮೆಟ್ಟಿಲ ಮೇಲೆ ನಿಂತು ಇಬ್ಬರೂ ಆಡಬಾರದ್ದನ್ನು ಆಡಿದರು. ಆಮೇಲೆ ಕ್ರಿಸ್‌ಮಸ್‌ಗೆ ಹೆಸರು ಬಿಟ್ಟರೆ ಒಂದಕ್ಷರವಿಲ್ಲದ ಕಾರ್ಡು ಹೋಗಿಬರುತ್ತಿತ್ತು, ಅಷ್ಟೆ.

ಲೋರ್ನಾ ಫೋನ್ ಮಾಡಿದಳು. ಹಿಲರಿ ಎತ್ತಲಿಲ್ಲ. ಲೋರ್ನಾ ಲೀಸಿನ ವಿಷಯ ಬರೆದು ಸಂದೇಶ ಕಳಿಸಿದಳು. "ಆ ಮನೆಯಲ್ಲಿ ಮಲಗೋಳು ನೀನು. ಖರ್ಚು ನಾನ್ಯಾಕೆ ಹಾಕಲಿ?" ಎಂದು ಉತ್ತರ ಬಂತು.

ಕ್ರಿಸ್‌ಮಸ್ ಕಳೆಯಿತು. ಜನವರಿಯ ಒಂದು ಬೆಳಿಗ್ಗೆ ಲೋರ್ನಾ ರಜೆ ಹಾಕಿ, ಬ್ರೈಟನ್ನಿನಲ್ಲಿ ರೈಲು ಬದಲಿಸಿ ರೈಗೆ ಹೋದಳು. ಆಮೇಲಿನದ್ದನ್ನು ಅವಳೇ ನನಗೆ ಹೇಳಿದ್ದು.

ಕಲ್ಲು ಹಾಸಿದ ಇಳಿಜಾರು ಬೀದಿಯಲ್ಲಿ ಹಿಲರಿಯ ಅಂಗಡಿ. ಹಿಲರಿ ತುಟಿಯಲ್ಲಿ ಗುಂಡುಸೂಜಿ ಹಿಡಿದುಕೊಂಡು ಮೇಜಿನ ಮೇಲೆ ಹಸಿರು ಬಟ್ಟೆ ಹರಡಿದ್ದಳು. ತಂಗಿಯನ್ನು ನೋಡಿ ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು.

"ಫೋನ್ ಎತ್ತಲಿಲ್ಲ ಅಂದ್ರೆ ಮನೆಗೇ ಬಂದುಬಿಡೋದಾ?"

"ಮನೆಗೆ ಬಂದಿಲ್ಲ. ಅಂಗಡಿಗೆ ಬಂದಿದೀನಿ. ಅಂಗಡಿಗೆ ಯಾರು ಬೇಕಾದ್ರೂ ಬರಬಹುದು."

"ಹಾಗಾದ್ರೆ ಬಟ್ಟೆ ಆರಿಸಿಕೋ, ದುಡ್ಡು ಕೊಡು, ಹೊರಡು."

ಲೋರ್ನಾ ಹೊರಡಲಿಲ್ಲ. ಬಾಗಿಲ ಹತ್ತಿರವೇ ನಿಂತು, ಕೋಟು ಬಿಚ್ಚದೆ, ಎಂಬತ್ತರ ಗಡಿಯ ಕಥೆ, ನೋಟೀಸು, ಮಾರ್ಚ್ ತಿಂಗಳು ಎಲ್ಲ ಹೇಳಿದಳು.

ಹಿಲರಿ ಕೇಳಿದಳು, "ನಾನು ಸಹಿ ಹಾಕಿದ್ರೆ ಮನೆ ಪೂರ್ತಿ ನಿನ್ನದಾಗುತ್ತೆ. ಹಾಗೆ ತಾನೆ?"

"ಇಲ್ಲ ಹಿಲರಿ. ಹೊಸ ಲೀಸೂ ಇಬ್ಬರ ಹೆಸರಲ್ಲೇ ಇರುತ್ತೆ. ನಿನ್ನ ಅರ್ಧ ನಿನ್ನದೇ. ಮಾಡಿಸದೆ ಬಿಟ್ಟರೆ ನನ್ನ ಅರ್ಧದ ಜೊತೆ ನಿನ್ನ ಅರ್ಧವೂ ಸವೆಯುತ್ತೆ."

"ಸವೆಯಲಿ! ಕಾಯ್ದೆನೇ ಬದಲಾಗುತ್ತಂತೆ. ಎಂಬತ್ತರ ಗಡಿನೇ ತೆಗೆದುಹಾಕ್ತಾರಂತೆ. ನಮ್ಮ ಗಿರಾಕಿಯೊಬ್ಬರು ಹೇಳಿದ್ರು. ಕಾದರೆ ಅಗ್ಗ."

"ಇರಬಹುದು. ಯಾವಾಗ ಅಂತ ನನಗೆ ಗೊತ್ತಿಲ್ಲ. ನನ್ನ ಮಾತು ಕೇಳಿ ಸಹಿ ಹಾಕಬೇಡ. ಉಚಿತವಾಗಿ ಸಲಹೆ ಕೊಡೋ ಕೇಂದ್ರ ಇದೆ, ಸರ್ಕಾರದ ದುಡ್ಡಲ್ಲಿ ನಡೆಯೋದು. ನೀನೇ ಕೇಳು. ನಿನ್ನದೇ ವಕೀಲರನ್ನು ಕೇಳು. ಆಮೇಲೆ ಬೇಡ ಅಂದ್ರೆ ಬೇಡ."

ಹಿಲರಿ ಬಟ್ಟೆಯ ಮಡಿಕೆ ಸರಿಮಾಡಿದಳು. ಸರಿಯಿದ್ದದ್ದನ್ನೇ ಮತ್ತೆ ಸರಿಮಾಡಿದಳು. "ಸಹಿ ಬೇಕಾಗಿದೆ ಅಂತ ಬಂದಿದೀಯ. ಇಲ್ಲದಿದ್ರೆ ಬರ್ತಿರಲಿಲ್ಲ."

ಲೋರ್ನಾ ಸುಳ್ಳು ಹೇಳಲಿಲ್ಲ. "ಬರ್ತಿರಲಿಲ್ಲ. ಧೈರ್ಯ ಇರಲಿಲ್ಲ. ಯಂತ್ರ ಕೊಡೋ ಮುಂಚೆ ನಿನ್ನನ್ನ ಕೇಳಬೇಕಾಗಿತ್ತು. ಅಮ್ಮ ಕೂರ್ತಿದ್ದ ಆ ಮೂಲೆ ನೋಡೋಕೆ ಆಗ್ತಿರಲಿಲ್ಲ ನನಗೆ. ಕಣ್ಣೆದುರಿಂದ ಹೋದರೆ ಸಾಕು ಅಂತ ಕೊಟ್ಟುಬಿಟ್ಟೆ. ನೀನು ಬೈದಿದ್ದು ಸರಿ ಇತ್ತು."

ಹಿಲರಿ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಒಳಗೆ ಹೋದಳು. ಕೆಟಲ್ ಕುದಿಯುವ ಸದ್ದು ಕೇಳಿತು. ಎರಡು ಲೋಟ ಹಿಡಿದು ಹೊರಗೆ ಬಂದಳು.

"ಕೋಟು ಬಿಚ್ಚು," ಎಂದಳು. "ನನ್ನ ಮೊದಲನೇ ಲಂಗ ಅದರ ಮೇಲೇ ಹೊಲಿದಿದ್ದು ಲೋರ್ನಾ. ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಅದನ್ನೇ ಹಾಕ್ಕೊಂಡು ಸ್ಕೂಲಿಗೆ ಹೋಗು ಅಂದಳು ಅಮ್ಮ."

"ಹೋದೆಯಾ?"

"ಹೋಗದೆ? ಅಮ್ಮನ ಮುಂದೆ ಇಲ್ಲ ಅನ್ನೋ ಧೈರ್ಯ ಯಾರಿಗಿತ್ತು?"

ಆ ದಿನ ಹಿಲರಿ ಸಹಿ ಹಾಕಲಿಲ್ಲ. ಹಾಕದೇ ಇದ್ದದ್ದು ಸರಿಯಾಗೇ ಇತ್ತು. ಮರುದಿನ ಸಲಹಾ ಕೇಂದ್ರಕ್ಕೆ ತಾನೇ ಫೋನ್ ಮಾಡಿ ಎಲ್ಲವನ್ನೂ ಕೇಳಿದಳು. ಮನೆ ಇಬ್ಬರ ಹೆಸರಲ್ಲೇ ಉಳಿಯುತ್ತದೆ, ಪಾಲು ಬದಲಾಗುವುದಿಲ್ಲ ಎಂದರು. ಕಾಯ್ದೆ ಬದಲಾಗುತ್ತಿರುವುದು ನಿಜ, ಆದರೆ ನೀವು ಕೇಳುತ್ತಿರುವ ಭಾಗ ಇನ್ನೂ ಜಾರಿಗೆ ಬಂದಿಲ್ಲ, ಯಾವಾಗ ಬರುತ್ತದೆಂದು ನಾವು ಹೇಳಲಾರೆವು ಎಂದರು. ಕಾಯುವುದೋ ಬೇಡವೋ ಎನ್ನುವುದನ್ನು ನಿಮ್ಮ ಲೀಸು ಮತ್ತು ನಿಮ್ಮ ಹಣಕಾಸಿನ ಸ್ಥಿತಿ ನೋಡಿಕೊಂಡು ನಿರ್ಧರಿಸಿ ಎಂದೂ ಹೇಳಿದರು.

ಫೆಬ್ರವರಿಯಲ್ಲಿ ಹಿಲರಿ ವರ್ದಿಂಗ್‌ಗೆ ಬಂದಳು. ನಾಲ್ಕು ವರ್ಷದ ಮೇಲೆ ಆ ಮೆಟ್ಟಿಲು ಹತ್ತಿದಳು. ಅಡುಗೆಮನೆಯಲ್ಲಿ ನೆಸ್ಟಾಳೂ ಇದ್ದಳು. ಬೆಣ್ಣೆ ಸವರಿದ ಟೋಸ್ಟು, ಚಹಾ, ಮೇಜಿನ ಮೇಲೆ ನೋಟೀಸಿನ ಕರಡು.

"ಕಾದು ನೋಡೋಣ ಅಂತ ಇನ್ನೂ ಒಂದು ಮನಸ್ಸು ಹೇಳುತ್ತೆ," ಎಂದಳು ಹಿಲರಿ.

ನೆಸ್ಟಾ ಹೇಳಿದಳು, "ಕಾಯೋದಕ್ಕೆ ಕೈಯಲ್ಲಿ ವರ್ಷ ಇರೋರು ಕಾಯಲಿ. ನೀವು ಗಡಿ ಮೇಲೆ ನಿಂತಿದೀರಿ. ಕಾಯ್ದೆ ಬರಲಿಲ್ಲ ಅಂದ್ರೆ ಕಳ್ಕೊಳ್ಳೋದು ದೊಡ್ಡದು. ಬಂತು ಅಂದ್ರೆ ಸ್ವಲ್ಪ ಮುಂಚೆ ಮಾಡಿಸಿಬಿಟ್ವಲ್ಲ ಅಂತ ಹೊಟ್ಟೆ ಉರಿಯುತ್ತೆ, ಅಷ್ಟೆ. ಯಾವ ನೋವು ತಡ್ಕೊಳ್ಳೋಕೆ ಸುಲಭ ಅಂತ ನೀವೇ ಯೋಚನೆ ಮಾಡಿ."

ಹಿಲರಿ ಟೋಸ್ಟಿನ ಅಂಚು ಮುರಿದಳು. "ಖರ್ಚು?"

"ಒಡೆಯರಿಗೆ ಕೊಡೋ ಬೆಲೆಗೆ ಇಬ್ಬರೂ ಅರ್ಧರ್ಧ," ಎಂದಳು ಲೋರ್ನಾ. "ವಕೀಲರದ್ದು, ಬೆಲೆ ಕಟ್ಟೋರದ್ದು ನಾನು ಹಾಕ್ತೀನಿ. ಮಲಗೋಳು ನಾನಲ್ವಾ?"

ಹಿಲರಿಗೆ ತಾನು ಕಳಿಸಿದ ಮಾತು ನೆನಪಾಯಿತು. ನಗು ತಡೆಯಲಾಗಲಿಲ್ಲ. "ಪೆನ್ನು ಕೊಡೇ," ಎಂದಳು.

ಮಿಸೆಸ್ ಫಿನ್ನೆಲ್ ನೋಟೀಸನ್ನು ತಲುಪಿದ ದಾಖಲೆ ಸಿಗುವಂತೆ ಕಳಿಸಿದರು. ಮಾರ್ಚಿನ ಗಡಿ ಬರುವ ಮೊದಲೇ ಅದು ಒಡೆಯರ ಕೈ ಸೇರಿತು. ಮುಂದಿನದ್ದು ಸಲೀಸಾಗಿ ಆಯಿತೆಂದು ನಾನು ಹೇಳುವುದಿಲ್ಲ. ಒಡೆಯರು ಕೊಟ್ಟ ಮರುನೋಟೀಸಿನಲ್ಲಿ ಕೇಳಿದ ಬೆಲೆ ನೋಡಿ ಹಿಲರಿ ಫೋನಿನಲ್ಲೇ ಕೂಗಾಡಿದಳು. ಎರಡೂ ಕಡೆಯ ಬೆಲೆ ಕಟ್ಟುವವರು ವಾರಗಟ್ಟಲೆ ಚೌಕಾಸಿ ಮಾಡಿದರು. ಒಪ್ಪಂದವಾಗದಿದ್ದರೆ ನ್ಯಾಯಮಂಡಳಿಗೆ ಹೋಗಬೇಕು, ಅದಕ್ಕೂ ಗಡುವಿದೆ, ತಪ್ಪಿದರೆ ಈ ನೋಟೀಸು ಬಿದ್ದುಹೋಗುತ್ತದೆ ಎಂದು ವಕೀಲರು ಮೊದಲೇ ಎಚ್ಚರಿಸಿದ್ದರು. ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ನಡುವಿನ ಒಂದು ಬೆಲೆಗೆ ಎರಡೂ ಕಡೆಯವರು ಒಪ್ಪಿದರು. ಒಡೆಯರ ಕಡೆಯ ನ್ಯಾಯವಾದ ಖರ್ಚನ್ನೂ ಇವರೇ ಕೊಡಬೇಕಾಯಿತು. ಅದು ಲೋರ್ನಾಗೆ ಕಹಿಯೇ. ಆ ವರ್ಷ ಅವಳು ಹೊಸ ಬಾಯ್ಲರ್ ಹಾಕಿಸಲಿಲ್ಲ. ಹಿಲರಿ ಅಂಗಡಿಗೆ ಬಣ್ಣ ಹೊಡೆಸುವುದನ್ನು ಮುಂದಕ್ಕೆ ಹಾಕಿದಳು.

ಶರತ್ಕಾಲದಲ್ಲಿ ಹೊಸ ಲೀಸು ನೋಂದಣಿಯಾಯಿತು. ಮನೆಗೆ ಈಗ ಹೆಚ್ಚುಕಮ್ಮಿ ನೂರ ಎಪ್ಪತ್ತು ವರ್ಷದ ಆಯಸ್ಸು. ನೆಲಬಾಡಿಗೆ ಇಲ್ಲ. ಹಿಲರಿ ತಿಂಗಳಿಗೊಂದು ಭಾನುವಾರ ಬರುತ್ತಾಳೆ. ಇಬ್ಬರೂ ದಂಡೆಯ ಮೇಲೆ ನಡೆದು ಹೋಗಿ, ಗಾಳಿಗೆ ಬೈದುಕೊಳ್ಳುತ್ತಾ ಚಿಪ್ಸ್ ತಿಂದು ಬರುತ್ತಾರೆ. ಜಗಳ ಪೂರ್ತಿ ನಿಂತಿದೆಯೇ? ಇಲ್ಲ. ಹೋದ ವಾರ ಅಡುಗೆಮನೆಯ ಪರದೆಯ ಬಣ್ಣದ ಬಗ್ಗೆ ಇಬ್ಬರೂ ಜಗಳವಾಡುತ್ತಿದ್ದದ್ದು ನಮ್ಮ ಮಹಡಿಯವರೆಗೂ ಕೇಳಿಸಿತು.

ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮಗೆ ಒಂದು ಮಾತು. ನೀವು ಇಂಥ ಫ್ಲ್ಯಾಟಿನಲ್ಲಿದ್ದರೆ ಈ ವಾರವೇ ನಿಮ್ಮ ಲೀಸಿನ ಪ್ರತಿ ಹುಡುಕಿ ತೆಗೆಯಿರಿ. ಸಿಗದಿದ್ದರೆ ನೋಂದಣಿ ಕಚೇರಿಯಿಂದ ತರಿಸಿಕೊಳ್ಳಿ. ಎಷ್ಟು ವರ್ಷ ಉಳಿದಿದೆ ಎಂದು ನೋಡಿ. ಎಂಬತ್ತರ ಹತ್ತಿರ ಬಂದಿದ್ದರೆ ಇನ್ನೊಂದು ಬೇಸಿಗೆ ಕಳೆಯಲಿ ಎಂದು ಕೂರಬೇಡಿ. ಫೋನಿನಲ್ಲಿ ಎಷ್ಟೇ ಸಿಹಿಯಾಗಿ ಮಾತಾಡಲಿ, ಬಂದ ಮೊದಲ ಬೆಲೆಗೆ ಸಹಿ ಹಾಕಬೇಡಿ. ಕಾಯ್ದೆ ಬದಲಾಗುತ್ತಿರುವ ಕಾಲ ಇದು. ಆದ್ದರಿಂದ ನನ್ನ ಮಾತನ್ನೂ ಕೊನೆಯದೆಂದು ತಿಳಿಯದೆ, ಉಚಿತ ಸಲಹೆ ಕೊಡುವವರನ್ನು ಈಗಿನ ನಿಯಮ ಏನೆಂದು ಕೇಳಿ. ಈ ಕೆಲಸ ಬಲ್ಲ ವಕೀಲರನ್ನು ಹಿಡಿಯಿರಿ. ನೋಟೀಸು ಕೊಡಿ.

ಆ ಕಾಗದದಲ್ಲಿ ಮನೆ ಯಾರ ಯಾರ ಹೆಸರಿನಲ್ಲಿದೆ ಎಂದೂ ನೋಡಿ. ಅವರಲ್ಲಿ ಯಾರ ಜೊತೆಗಾದರೂ ನೀವು ಮಾತು ಬಿಟ್ಟಿದ್ದರೆ, ವಕೀಲರಿಗಿಂತ ಮೊದಲು ಅವರ ಬಾಗಿಲು ತಟ್ಟಿ.